ಹತ್ತು ಅಂಕದ ಪ್ರಶ್ನೆ

ಟ್ರಾಮು ನಿಂತ ವರ್ಷ. ಅರ್ಧವಾರ್ಷಿಕ ಪರೀಕ್ಷೆ.
ಹಗಲು ಗುಜರಾತಿ ಮಕ್ಕಳು ಕೂರುವ ಬೆಂಚಿನಲ್ಲಿ
ರಾತ್ರಿ ಏಳೂವರೆಗೆ ನನ್ನ ಹುಡುಗರು.
ಮೇಜಿಗೆ ತಾಗುವ ಮೊಣಕಾಲು,
ಎಷ್ಟು ತೊಳೆದರೂ ಬಿಡದ ಈರುಳ್ಳಿ ವಾಸನೆ.
ನಾನೂ ಹಗಲು ಹಡಗು ಕಂಪನಿಯ ಗುಮಾಸ್ತ,
ಇರುಳಿಗಷ್ಟೇ ಮೇಸ್ಟ್ರು.

ಪಾಣಿಪತ್ತು ಬರೆಸಿ ಬರೆಸಿ ನನಗೇ ಬೇಸತ್ತು
ಆ ಸಲ ಬೋರ್ಡಿನ ಮೇಲೆ ಬರೆದೆ:
‘ನೀವು ದಿನಾ ನಡೆಯುವ ರಸ್ತೆಯ ಚರಿತ್ರೆ ಬರೆಯಿರಿ.’

ನನಗೆ ಗೊತ್ತಿದ್ದ ಉತ್ತರ ಇಷ್ಟು:
ಮೊದಲು ಕೋಟೆ. ಕೋಟೆಗೆ ಗೋಡೆ, ಗೋಡೆಗೆ ಕಂದಕ.
ಗೋಡೆ ಕೆಡವಿ ಕಂದಕ ತುಂಬಿದರು.
ಸತ್ತ ಗವರ್ನರನೊಬ್ಬನ ಹೆಸರಿಟ್ಟು ಹಾರ್ನ್‌ಬಿ ರೋಡ್ ಎಂದರು.
ಹತ್ತಿಯ ದುಡ್ಡು ಬಂತು, ಕಲ್ಲಿನ ಕಟ್ಟಡ ಬಂತು,
ಕಟ್ಟುವವರೆಲ್ಲ ಕೆಳಗೆ ಕಮಾನಿನ ಓಣಿ ಬಿಡಬೇಕೆಂದು
ಕಾಯಿದೆ ಬಂತು.
ಆಮೇಲೆ ಹೆಸರು ನವರೋಜಿಯವರದಾಯಿತು.
ಎಲ್ಲ ಸರಿ. ಒಂದೇ ಕೊರತೆ,
ಇದರಲ್ಲಿ ಯಾರೂ ನಡೆಯುವುದಿಲ್ಲ.

ಐತಪ್ಪ ಬರೆದ:
‘ಇದು ಮೊದಲು ಹಾರ್ನ್ ಬೀದಿ.
ಮೋಟಾರಿನವರು ಹೊಡೆದೂ ಹೊಡೆದೂ ಕೊನೆಯ ದಿ ಬಿದ್ದುಹೋಯಿತು.’
ಕೆಂಪು ಗೆರೆ ಎಳೆಯಹೋಗಿ ನಕ್ಕುಬಿಟ್ಟೆ.
ಅರ್ಧ ಅಂಕ ಕೊಟ್ಟೆ, ದಿ ಹುಡುಕಿದ್ದಕ್ಕೆ.

ಮುದರನ ಚಪ್ಪಲಿ ಕಳೆದು ತಿಂಗಳಾಗಿತ್ತು.
‘ಹಳಿ ಕಿತ್ತ ಕಡೆ ಹೊಸ ಡಾಂಬರು. ಮಧ್ಯಾಹ್ನ ಅದು ಅಂಟುತ್ತದೆ,
ಹಳೆಯದು ಸುಡುತ್ತದೆ.
ಕಣ್ಣು ಮುಚ್ಚಿಕೊಂಡೂ ಟ್ರಾಮಿನ ದಾರಿ ಹೇಳಬಲ್ಲೆ.’

ಕೊಗ್ಗನಿಗೆ ಇಪ್ಪತ್ತಾರು, ಏಳನೇ ತರಗತಿ.
ನನಗಿಂತ ಎರಡೇ ವರ್ಷ ಚಿಕ್ಕವನು, ‘ಸರ್’ ಎನ್ನಲು ನಾಚುತ್ತಿದ್ದ.
‘ಕಾರಂಜಿ ಹತ್ತಿರ ಗೋಲಿಬಾರ್ ಆದ ದಿನ
ವಿಮಾ ಆಫೀಸಿಗೆ ಹನ್ನೊಂದು ಚಾ ಒಯ್ಯುತ್ತಿದ್ದೆ.
ಜನ ಓಡಿಬಂದರು. ನಾನೂ ಓಡಿದೆ.
ಹನ್ನೊಂದೂ ಗ್ಲಾಸು ಹೋದವು.
ಮಾಲಕರು ಸಂಬಳದಲ್ಲಿ ಹಿಡಿದರು.
ಈಗ ಆ ಚೌಕಕ್ಕೆ ಸತ್ತವರ ಹೆಸರು. ಸರಿಯಾಗಿಯೇ ಇದೆ.
ಗ್ಲಾಸಿಗೆ ಆಗ ಆರಾಣೆ.’

ಆರಾಣೆ ಎಂಬಲ್ಲಿ ನಾನು ಪೆನ್ನು ಕೆಳಗಿಟ್ಟೆ.
ಕಿಟಕಿಯಾಚೆ ಕೊನೆಯ ಡಬಲ್ ಡೆಕ್ಕರ್ ತಿರುಗುತ್ತಿತ್ತು,
ಮೇಲಂತಸ್ತು ಖಾಲಿ, ದೀಪ ಮಾತ್ರ.

ದೂಮಣ್ಣ ಬರೆಯಲೇ ಇಲ್ಲ. ಚಿತ್ರ ಬಿಡಿಸಿದ್ದ,
ಸಾಲಾಗಿ ಕಂಬ, ಕಂಬದ ಬುಡದಲ್ಲಿ ಹೆಸರು.
ಮೂರು: ಗಡಿಯಾರ ರಿಪೇರಿಯವನು, ಹಗಲು ಮಾತ್ರ.
ಏಳು: ಸತಾರದ ಮುದುಕಿ ಮತ್ತು ಆಡು.
ಒಂಬತ್ತು: ಪೊಲೀಸು ಮಲಗಗೊಡುವುದಿಲ್ಲ, ಕಾರಣ ಗೊತ್ತಿಲ್ಲ.
ಹದಿನಾಲ್ಕು: ನಾನು.
ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ:
‘ನನಗಿಂತ ಮುಂಚೆ ಇಲ್ಲಿ ಕುಂಬಳೆಯವನೊಬ್ಬನಿದ್ದ.
ಅವನಿಗಿಂತ ಮುಂಚೆಯೂ ಜನ ಇದ್ದರು.
ಕಲ್ಲು ನುಣುಪಾಗಿದೆ, ಕೂತವನ ಬೆನ್ನಿನೆತ್ತರದಲ್ಲಿ.’

ಒಂಬತ್ತು ಕೊಟ್ಟೆ. ಒಂದು ಕಡಿದೆ,
ಕಂಬ ಎಣಿಸಿದ್ದು ಬೋರಿಬಂದರಿನಿಂದಲೋ ಕಾರಂಜಿಯಿಂದಲೋ
ಬರೆದಿರಲಿಲ್ಲ.
ಕೇಳೋಣವೆಂದುಕೊಂಡೆ. ಕ್ರಿಸ್‌ಮಸ್ಸಿಗೆ ಮುಂಚೆಯೇ
ಪುಣೆಯ ಯಾವುದೋ ಕ್ಯಾಂಟೀನಿಗೆ ಹೋಗಿಬಿಟ್ಟ.
ಹೆಡ್‌ಮಾಸ್ತರರು ಕರೆದು ಹೇಳಿದರು, ಪಠ್ಯದಲ್ಲಿಲ್ಲದ್ದು ಬೇಡ.
ಮರುವರ್ಷ ಮತ್ತೆ ಪಾಣಿಪತ್ತು.

ಈಗ ಪಿಂಚಣಿಯ ಕೆಲಸಕ್ಕೆ ಫೋರ್ಟಿಗೆ ಬಂದಾಗಲೆಲ್ಲ
ಎರಡೂ ತುದಿಯಿಂದ ಎಣಿಸುತ್ತೇನೆ.
ಒಂದು ಹದಿನಾಲ್ಕಕ್ಕೆ ಯಾರೋ ಎಣ್ಣೆಬಣ್ಣ ಬಳಿದಿದ್ದಾರೆ,
ಏನೂ ತಿಳಿಯುವುದಿಲ್ಲ.
ಇನ್ನೊಂದಕ್ಕೆ ಒರಗಿ ಮೊಬೈಲಿನ ಕವರು ಮಾರುವ ಹುಡುಗ,
ಮಾತು ಬಿಹಾರದ ಕಡೆಯದು.
‘ಏನು ಬೇಕು, ಚಾಚಾ?’
ಏನಿಲ್ಲ, ಸ್ವಲ್ಪ ಸರಿಯಪ್ಪ ಎಂದೆ.
ಒಂದು ಗಳಿಗೆ ನನ್ನ ಮುಖ ನೋಡಿ
ಬೆನ್ನು ತೆಗೆದ.