ಮಾಜಾಳಿ ಚೆಕ್‌ಪೋಸ್ಟ್

ಗೋವಾ ಗಾಡಿಯ ಡಿಕ್ಕಿಯಲ್ಲಿ
ಬಾಟಲಿಗಳ ನಡುವೆ ಸಿಕ್ಕ ಮರಿ.
ಪಂಚನಾಮೆಯಲ್ಲಿ ಬರೆಯಲಿಲ್ಲ,
ಫೆನ್ನಿ ಎಂದು ಕರೆದೆವು.

ಹನ್ನೊಂದು ವರ್ಷ ಸೀಟಿನಡಿಯ ಮಾಲಿಗೆಲ್ಲ ಬೊಗಳಿದವಳು
ಈಗ ಗೇಟಿನ ಕಂಬದ ಬುಡದಲ್ಲಿ
ಕೂತು, ಎದ್ದು, ಮತ್ತೆ ಕೂತು
ಮರಳಿಗೆ ನಾಲ್ಕು ಹನಿ,
ಮುರುಗಲ ಸಾರಿನ ಬಣ್ಣ.

ಮಡಗಾಂವ್ ಡಾಕ್ಟರು ಹೇಳಿದರು:
ಗಂಟು ಮೂತ್ರಚೀಲದ ಕೊರಳಲ್ಲಿದೆ, ಕತ್ತರಿ ಹೋಗದು.
ಮೈಯ ಕಾವಲಿನವರಿಗೆ ಅದು
ಗುರುತಿನ ನಗೆ ನಕ್ಕು ದಾಟಿಬಿಡುತ್ತದೆ.
ಈ ಸೂಜಿ ಆ ನಗೆಯನ್ನಷ್ಟೇ ಒರೆಸುತ್ತದೆ;
ಕಾದಾಡಬೇಕಾದ್ದು ಅವಳದೇ ರಕ್ತ.
ಕೆಲವಕ್ಕೆ ಹತ್ತುತ್ತದೆ, ಕೆಲವಕ್ಕಿಲ್ಲ.

ನಾನು ಟೊಪ್ಪಿ ತಿರುಗಿಸುತ್ತ ಕೂತೆ.
ಹಾಗೆ ನಕ್ಕ ಎಷ್ಟು ಗಾಡಿಗಳಿಗೆ
ನಾನೇ ಗೇಟು ಎತ್ತಿಲ್ಲ.

ಮೂರನೇ ಸೂಜಿ ಮುಗಿದಿದೆ.
ಬೆಳಗಿನ ಪಾಳಿ, ಗುರುತಿನ ಬಿಳಿ ಕಾರು.
ಫೆನ್ನಿ ಕಂಬದ ಬುಡದಲ್ಲಿ ಇನ್ನೂ ಕೂತೇ ಇದ್ದಾಳೆ.
ಕೈ ಅಡ್ಡ ಹಿಡಿದೆ:
ಡಿಕ್ಕಿ ತೆಗೀರಿ, ಬಾಂದೇಕರ್ ಸಾಹೇಬ್ರೇ.