ಸ್ಕೇಲಿಟ್ಟು ಎಳೆದ ಕಾಲಂ

ಅಚ್ಚಾಗಿ ಬಂದ ರಿಜಿಸ್ಟರಿನಲ್ಲಿ ಇದಕ್ಕೆ ಜಾಗವಿರಲಿಲ್ಲ.
ವಿ.ಡಿ.ಆರ್.ಎಲ್. ಆದ ಮೇಲೆ ಎಚ್.ಐ.ವಿ., ಅದರಾಚೆ ಷರಾ.
ಷರಾದ ಹೊಟ್ಟೆ ಸೀಳಿ ಪೆನ್ಸಿಲಿನಲ್ಲಿ ಗೆರೆ ಎಳೆದೆ,
ನೆತ್ತಿಯ ಮೇಲೆ ಬರೆದೆ: ಹೆಪಟೈಟಿಸ್ ಸಿ.
ಮೂರು ತಿಂಗಳ ಎಣಿಕೆ ಅಷ್ಟೇ, ಆಮೇಲೆ ಅಳಿಸು
ಅಂದಿದ್ದರು ಮೇಲಿನವರು.

ಯಾದಗಿರಿ, ದೊಡ್ಡ ದವಾಖಾನೆ, ಕೋಣೆ ಹದಿನೇಳು.
ಬಾಗಿಲ ಮೇಲೆ ಸುರಕ್ಷಾ ಅಂತ ಬೋರ್ಡು,
ಊರ ಬಾಯಲ್ಲಿ ಬರೀ "ಆ ಖೋಲಿ."
ಬರುವವರು ಮೊದಲು ಕಣ್ಣಿನ ಡಾಕ್ಟರ ಸಾಲಿನಲ್ಲಿ ನಿಂತು
ಕಾರಿಡಾರು ಖಾಲಿಯಾದ ಗಳಿಗೆ ಒಳಗೆ ಜಾರುತ್ತಾರೆ:
ಮದುವೆಯಾಗಿ ಹದಿನಾರು ದಿನದವನು,
ಪುಣೆಯ ರೈಲಿಳಿದು ಚೀಲ ಸಮೇತ ಬಂದ ಗಾರೆಯವನು.
ಬೆರಳು ಕೊಡಿ ಅನ್ನುತ್ತೇನೆ.
ಮುಖ ಗೋಡೆಗೆ ಕೊಟ್ಟು
ಬೆರಳು ನನಗೆ ಕೊಡುತ್ತಾರೆ.

ಕಿಟ್ಟಿಗೆ ಇಪ್ಪತ್ತು ನಿಮಿಷ ಬೇಕು.
ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ.
ಅಲ್ಲಿಯವರೆಗೆ ಮಾತು: ಬಿಸಿಲು,
ಭೀಮಾದ ಉಸುಕಿನ ರೇಟು,
ಈ ಫ್ಯಾನ್ ಯಾಕ ಹಿಂಗ ಒದರ್ತದ.

ನಾನೂರ ಹನ್ನೆರಡು ಬೆರಳು.
ಎರಡು ಗೆರೆ ಬಂದದ್ದು ಮೂರು ಜನಕ್ಕೆ.

ಒಬ್ಬ ಕೊಟ್ಟ ನಂಬರು ಪಾನ್ ಡಬ್ಬಿಯದು.
"ಅಂಥವ ಯಾರೂ ಇಲ್ರಿ ಇಲ್ಲಿ."
ಅವನ ಚೀಟಿ ಇನ್ನೂ ಡ್ರಾಯರಿನಲ್ಲಿದೆ, ಪಿನ್ನಿಗೆ ತುಕ್ಕು ಬಂದಿದೆ.
ಇನ್ನೊಬ್ಬ ಹುಡುಗನಿಗೆ ಮೊದಲೇ ಗೊತ್ತಿತ್ತು,
ತೋಳಿನ ಸೂಜಿ ಗುರುತು ತೋರಿಸಿ ನಕ್ಕುಬಿಟ್ಟ.

ಸಾಬಮ್ಮ ಸೈದಾಪುರದ ಕಡೆಯವಳು,
ಬಿಳಿಸೆರಗಿಗೆ ಗುಳಿಗೆ ಕೇಳಲು ಬಂದವಳು.
ಎರಡನೇ ಗೆರೆ ಎಷ್ಟು ತೆಳುವಿತ್ತೆಂದರೆ
ಕಿಟಕಿಗೆ ಹಿಡಿದು ಮತ್ತೆ ನೋಡಿದೆ.
ಅವಳು ಕೇಳಿದ್ದು ಒಂದೇ:
"ಇದು ಅದರಿಂದ ಬರ್ತದೇನ್ರಿ?"

ಅದರಿಂದ.
ಹೌದೆನ್ನಲಾರೆ, ಇಲ್ಲವೆಂದು ಆಣೆ ಇಡಲಾರೆ.
ರಕ್ತದಿಂದ ರಕ್ತಕ್ಕೆ ಹೋಗುವ ಜಡ್ಡು ಇದು,
ಹಾಸಿಗೆಯಲ್ಲೂ ಹೋದೀತು, ಅಪರೂಪಕ್ಕೆ, ಅಂದೆ.
ಕುರ್ಚಿಯಲ್ಲಿ ಕೂತೇ ಅವಳು ಹಿಂದಕ್ಕೆ ನಡೆದಳು:
ಎರಡನೇ ಹೆರಿಗೆಗೆ ರಾಯಚೂರಲ್ಲಿ ಏರಿಸಿದ
ಯಾರದೋ ಒಂದು ಬಾಟಲಿ;
ಸೈಕಲ್ ಮೇಲೆ ಬರುತ್ತಿದ್ದ ಸೂಜಿ ಡಾಕ್ಟರು,
ಜ್ವರ ಬಂದ ಓಣಿಗೆಲ್ಲ ಒಂದೇ ಸೂಜಿ;
ಮೊಣಕೈಯ ಹಚ್ಚೆ, ಒಂದೇ ಮಧ್ಯಾಹ್ನ ಏಳು ಹುಡುಗಿಯರಿಗೆ.
ಗಂಡನ ತನಕ ಬಂದು ನಿಂತಳು.
ಅವಳ ತಲೆಯೊಳಗೆ ಲೆಕ್ಕ ಓಡುತ್ತಿತ್ತು.
"ಅವನ್ನ ಕರ್ಕೊಂಡ್ ಬರ್ತೀನ್ರಿ.
ಮೊದ್ಲ ಅವಂದು ನೋಡ್ರಿ.
ಆಮ್ಯಾಲ ನಂದು, ಈಗೇ ಹೊಸದಾಗಿ ನೋಡಿದಂಗ ಮಾಡ್ರಿ."

ಬಂದ. ಟಂಟಂ ಓಡಿಸುವವನು, ಖಾಕಿ ಅಂಗಿ, ಕೈತುಂಬ ಗ್ರೀಸು.
ಅವನಿಗೆ ಒಂದೇ ಗೆರೆ.
ನಂತರ ಅವಳ ಬೆರಳು, ನನ್ನ ನಾಟಕ, ಇನ್ನೊಂದು ಇಪ್ಪತ್ತು ನಿಮಿಷ.
ಈ ಸಲ ಕಿಟ್ಟಿನ ಮೇಲೆ ಬಾಗಿದವನು ಅವನೇ.
ಗೆರೆ ಮೂಡುವಾಗ ಬಾಯಿ ತೆರೆದ.
ಅವನ ಮಾತು ಹೊರಬೀಳುವ ಮೊದಲೇ ನಾನಂದೆ:
ಹೆರಿಗೆಯಲ್ಲಿ ರಕ್ತ ಏರಿಸಿದ್ದರಲ್ಲ, ಅದರದ್ದೇ.
ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ,
ನಿಜವೆಂದೂ ಗೊತ್ತಿರಲಿಲ್ಲ.
ಬಹಳ ಹೊತ್ತು ಗ್ರೀಸಿನ ಕೈ ಉಜ್ಜಿಕೊಂಡ.
"ಆ ಬಾಟ್ಲಿ ರೊಕ್ಕ ನಾನೇ ಕಟ್ಟೀನ್ರಿ."

ಮತ್ತೊಂದು ರಕ್ತ ಕಲಬುರಗಿಗೆ ಹೋಯಿತು, ವೈರಸ್ಸಿದೆ ಎಂದು ಬಂತು.
ಎಂಬತ್ನಾಲ್ಕು ದಿನ ಗುಳಿಗೆ, ಪುಕ್ಕಟೆ.
ಅದೇ ವಾರ ಮೇಲಿನಿಂದ ಫೋನು: ಶೇಕಡಾ ಎಷ್ಟು?
ಸೊನ್ನೆ, ಚುಕ್ಕೆ, ಏಳು.
ಕಡಿಮೆಯೇ ಬಿಡಿ, ಅಂದರು.
ರಬ್ಬರು ತಗೊಂಡು ಕಾಲಂ ಅಳಿಸಿದೆ. ಪೆನ್ಸಿಲ್ ಒತ್ತಿ ಬರೆಯುವ ಕೈ ನನ್ನದು;
ಬೆರಳಾಡಿಸಿದರೆ ಗೆರೆ ಈಗಲೂ ಸಿಗುತ್ತದೆ.

ಗುಳಿಗೆ ಮುಗಿದ ಮೂರು ತಿಂಗಳಿಗೆ ಸಾಬಮ್ಮ ಬಂದಳು,
ಕಣ್ಣಿನ ಸಾಲಿನಲ್ಲಿ ನಿಲ್ಲದೆ, ಸೀದಾ.
ವೈರಸ್ಸು ಹೋಗಿದೆ, ಅಂದೆ. ಆದರೆ ಈ ಕಿಟ್ಟಿನಲ್ಲಿ
ಎರಡು ಗೆರೆ ಇನ್ನೂ ಬರುತ್ತಲೇ ಇರುತ್ತದೆ,
ವಾಸಿಯಾದರೂ, ಬದುಕಿರೋತನಕ.
ಸೆರಗಿನ ತುದಿಗೆ ಬೆರಳು ಸುತ್ತಿಕೊಂಡಳು.
"ಹಂಗಾರ ಇನ್ನ
ಯಾರಿಗೂ ಬೆರಳು ಕೊಡಂಗಿಲ್ಲ ಬಿಡ್ರಿ."