ಶಾಮೆಗೆ, ಜಗಲಿ ಕಟ್ಟುವ ಮುನ್ನ

ನೀನೂ ಒಂದು ಜಗಲಿ ಕಟ್ಟಿಸುತ್ತೀಯಂತೆ, ಶಾಮೆ,
ಚಾಕೆ ಚಾಕೆಯ ನಿನ್ನ ಹೊಸ ಮನೆಯೆದುರು,
ಊರು ಕೂತು ಮಾತಾಡಲೆಂದು.
ನಿನ್ನಮ್ಮ ಹೇಳಿದಳು. ಗಾರೆ ಕಲಸುವ ಮೊದಲು
ವೇಟೆಗೊಮ್ಮೆ ಬಾ, ನನ್ನದನ್ನು ನೋಡು.
ಬರಲಾಗದಿದ್ದರೆ ಇದನ್ನು ಓದು.

ಮೂವತ್ತೊಂದು ವರ್ಷ ಹಡಗುಕಟ್ಟೆಯ ಕಿಂಡಿಯೊಳಗೆ ಕೂತು
ಟಿಕೆಟ್ ಹರಿದವನು ನಾನು.
ಜನ ನನ್ನೊಂದಿಗೆ ಆಡಿದ್ದು ಎರಡೇ ಮಾತು:
ಎಷ್ಟು? ಯಾವಾಗ?
ನಿವೃತ್ತಿಯ ದುಡ್ಡು ಕೈಗೆ ಬಂದಾಗ ಆಸೆಯಾಯಿತು
ಮೂರನೆಯ ಮಾತಿಗೆ.

ಹವಳಗಲ್ಲು ತರಿಸಿದೆ, ಸುಣ್ಣ ಸುಡಿಸಿದೆ.
ಒಂದಲ್ಲ, ಒಂಬತ್ತು ಜಗಲಿ!
ಲವಂಗದ ದರಕ್ಕೊಂದು, ಕಾಲ್ಚೆಂಡಿಗೊಂದು,
ಗಾಳಿ ಅಲೆಗಳಿಗೊಂದು, ಮದುವೆ ಸಂಬಂಧಕ್ಕೊಂದು,
ಚುನಾವಣೆಗೊಂದು, ಅದು ಮಾತ್ರ ತುಸು ದೂರದಲ್ಲಿ.
ಮಾತು ಹುಟ್ಟುವ ಮೊದಲೇ
ಅದಕ್ಕೆ ತೊಟ್ಟಿಲು, ಹೆಸರು, ಶಾಲೆ, ಎಲ್ಲ.
ತಿಂಗಳಾಯ್ತು. ಲವಂಗದ ಜಗಲಿಯ ಮೇಲೆ
ಫಕಿಯ ಕೋಳಿ ಒಂದು ಮೊಟ್ಟೆಯಿಟ್ಟಿತು.
ಬೇರಾರೂ ಏನನ್ನೂ ಇಡಲಿಲ್ಲ.

ಗೋಡೆಗೆ ಬರೆಸಿದ್ದೆ ಕಡುನೀಲಿಯಲ್ಲಿ:
ಉಗುಳಬೇಡಿ. ಬೈಯಬೇಡಿ. ಸಾಲ ಕೇಳಬೇಡಿ.
ಒಟ್ಟು ಹದಿನಾಲ್ಕು ಬೇಡಿ,
ಇನ್ನೂ ಬಾರದ ಕಾಲುಗಳಿಗೆ.
ಮದರಸಾದಿಂದ ಮರಳುತ್ತಿದ್ದ ಹುಡುಗಿಯೊಬ್ಬಳು
ನಿಂತು, ಬೆರಳಿಟ್ಟು, ಪೂರ್ತಿ ಓದಿ ಕೇಳಿದಳು:
"ಅಜ್ಜಾ, ಇಲ್ಲಿ ಉಗುಳಿದ್ದು ಯಾರು?"
ಯಾರೂ ಇಲ್ಲ ಮಗು.
ಯಾರೂ ಇಲ್ಲ.

ಆಮೇಲೆ ಹಂಡೆ ತುಂಬ ಪಿಲಾವು ಬೇಯಿಸಿ
ಊರಿಗೂರನ್ನೇ ಕರೆದೆ. ಬಂದರು, ಉಂಡರು,
ಕೈ ತೊಳೆದುಕೊಂಡರು. ತೊಳೆದುಕೊಂಡದ್ದು ನನ್ನಿಂದಲೂ
ಎಂದು ಮರುದಿನ ತಿಳಿಯಿತು.
ಇನ್ನೂರು ಜನರ ಬದಲು ನಾಲ್ವರು ಸಾಕಿತ್ತು,
ಒಬ್ಬನ ಮಾತು ಇನ್ನೊಬ್ಬನ ನಾಲಿಗೆಗೆ
ತುರಿಕೆಯೆಬ್ಬಿಸುವಂಥ ನಾಲ್ವರು.

ಅಂದಹಾಗೆ ಬಿಸಿಲು. ಅದನ್ನು ಮರೆತಿದ್ದೆ.
ಅಸರ್ ನಮಾಜು ಮುಗಿದು ಜನ ಕೂರುವ ಹೊತ್ತಿಗೆ
ನನ್ನ ಕಲ್ಲುಗಳೆಲ್ಲ ಕಾದ ರೊಟ್ಟಿ ಹೆಂಚು.
ನಕ್ಷೆ ಬರೆದದ್ದು ನಾನು, ಬೆಳಗ್ಗೆ ಏಳಕ್ಕೆ.

ಕೊನೆಗೆ ಬಂದವನು ಹಮಾದಿ.
ದಿನವೂ ಬಂದ. ಒಂಬತ್ತು ಜಗಲಿಯಲ್ಲೂ ಕೂತ.
ಒಂಬತ್ತರಲ್ಲೂ ಒಂದನ್ನೇ ಆಡಿದ, ಗಟ್ಟಿಯಾಗಿ.
ಖಾಲಿ ಮನೆಗೆ ಇಲಿಯೂ ನೆಂಟ;
ನಾನು ಕಾಫಿ ಕಾಸಿಕೊಟ್ಟೆ.
ಒಂದು ಸಂಜೆ ಕೊಂಬೊ ಬಂದ,
ದೋಣಿಯ ಸಂದುಗಳಿಗೆ ಹತ್ತಿ ತುರುಕುವವನು,
ಉಪ್ಪಿನ ಹಾಗೆ ಚಿಟಿಕೆಯಲ್ಲಿ ಮಾತಾಡುವವನು.
"ನಮ್ಮಪ್ಪ ಮುಳುಗಿದ ದಿನ ಗಾಳಿ..." ಎಂದ.
"ಗಾಳಿಯಲ್ಲ ಮಾರಾಯ, ನಿಮ್ಮಪ್ಪನ ದೋಣಿಯೇ ಜರಡಿ!"
ಹಮಾದಿ ನಕ್ಕ.
ನಾನು ಕಾಫಿ ಬಗ್ಗಿಸುತ್ತಿದ್ದೆ.
ಬಗ್ಗಿಸುತ್ತಲೇ ಇದ್ದೆ.
ಬಟ್ಟಲು ತುಂಬಿ, ತಟ್ಟೆಗೆ ಚೆಲ್ಲಿ,
ಬೆರಳು ಸುಟ್ಟರೂ ತಲೆ ಎತ್ತಲಿಲ್ಲ.
ಕೊಂಬೊ ಕತ್ತಲಲ್ಲಿ ಕಾಲಾಡಿಸಿ
ಚಪ್ಪಲಿ ಹುಡುಕಿ ಮೆಟ್ಟಿಕೊಂಡ.
ಹದಿನಾಲ್ಕರಲ್ಲಿ ಒಂದಾದರೂ
ಆಗ ನನ್ನ ಬಾಯಿಗೆ ಬರಬೇಕಿತ್ತು, ಶಾಮೆ.
ಗೋಡೆ ಹೇಳೀತೆಂದು ಕಾದೆ.

ಈಗಿರುವುದು ಒಂದೇ ಜಗಲಿ, ದೀವಿಹಲಸಿನ ಕೆಳಗೆ.
ಉಳಿದ ಕಲ್ಲುಗಳನ್ನು ಪಕ್ಕದ ಮನೆಯ ಬಿಮ್ಕುಬ್ವಾ
ತನ್ನ ಹಿತ್ತಲಿಗೆ ಹೊರಿಸಿಕೊಂಡು ಹೋದಳು.
"ಒಂಬತ್ತರಲ್ಲಿ ಹೆಂಗಸರಿಗೆಂದು ಎಷ್ಟಿತ್ತು?"
ಅಷ್ಟೇ ಕೇಳಿದ್ದು.
ಅಲ್ಲಿ ರಾತ್ರಿ ಹತ್ತಾದರೂ ನಗು.
ಗೋಡೆಯ ಮೇಲೆ ಒಂದಕ್ಷರವಿಲ್ಲ.

ನನ್ನಲ್ಲಿ ಮೂವರು ಕೂರುತ್ತಾರೆ, ಕೆಲವೊಮ್ಮೆ ಇಬ್ಬರು.
ಹಮಾದಿಯೂ ಬರುತ್ತಾನೆ. ಪಕ್ಕದಲ್ಲೇ ಕೂತು
ಅವನ ಮೊಣಕಾಲು ಮುಟ್ಟುತ್ತೇನೆ, ಸುಮ್ಮನಾಗುತ್ತಾನೆ.
ಇಷ್ಟು ಸಣ್ಣ ಕೆಲಸ.

ಮೊನ್ನೆ ಕಡಲದಂಡೆಗೆ ಹೋಗಿದ್ದೆ.
ಕೊಂಬೊ ಏನೂ ಅನ್ನಲಿಲ್ಲ.
ಹತ್ತಿಯ ಹುರಿಯ ಒಂದು ತುದಿ ನನ್ನ ಕೈಗಿತ್ತ.
ಬಿಗಿಯಾಗಿ ಹಿಡಿದು ನಿಂತಿದ್ದೆ
ಕತ್ತಲಾಗುವ ತನಕ.
ಗಾಳಿಯ ಕತೆ ಇನ್ನೂ ಅವನಲ್ಲೇ ಇದೆ.